ನೋಟೀಸಿಗೆ ಹುಡುಕಿದ ಪದ

ನಮ್ಮ ಹಾಲಿನ ಸೊಸೈಟಿಗೆ ನಾನು ಕಾರ್ಯದರ್ಶಿಯಾದದ್ದು ಹಸುಗಳ ಬಗ್ಗೆ ಬಹಳ ತಿಳಿದಿದ್ದರಿಂದಲ್ಲ. ನಮ್ಮದು ಕಾಫಿ, ಕಾಳುಮೆಣಸಿನ ಮನೆ. ಇರುವ ಹಸು ಒಂದೇ, ಅದೂ ನನ್ನನ್ನು ಕಂಡರೆ ಒದೆಯುತ್ತದೆ. ಆದರೆ ಗಡಿಯಂಚಿನ ನಮ್ಮ ಪುಲ್ಪಳ್ಳಿಯಿಂದ ಕಬಿನಿ ಹೊಳೆಯವರೆಗೆ ಮಲಯಾಳದಲ್ಲೂ ಕನ್ನಡದಲ್ಲೂ ತಪ್ಪಿಲ್ಲದೆ ನೋಟೀಸು ಬರೆಯಬಲ್ಲವನು ನಾನೊಬ್ಬನೇ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಿದ್ದವನು ನಾನೇ.

ಕಾಡಂಚಿನ ಊರಿನಿಂದ ದಿನಾ ಬೆಳಗ್ಗೆ ಹಾಲು ತರುತ್ತಿದ್ದ ಹೆಂಗಸರಲ್ಲಿ ವಯಸ್ಸಾದವರೊಬ್ಬರಿದ್ದರು. ಅವರಿಗೆ ಎರಡು ಹಸು, ಒಂದು ಕೆಟ್ಟ ಮಂಡಿ. ಆನೆ ದಾಟುವ ದಾರಿಯಲ್ಲಿ ಕ್ಯಾನು ಹೊತ್ತು ಅವರು ಬರುವಷ್ಟರಲ್ಲಿ ಎಷ್ಟೋ ದಿನ ಹಾಲಿನ ವ್ಯಾನು ಹೊರಟುಹೋಗಿರುತ್ತಿತ್ತು. ಮಳೆ ನಿಂತ ಮೇಲೆ ಒಂದು ದಿನ ನನ್ನ ಮೇಜಿನ ಮುಂದೆ ನಿಂತು ಹೇಳಿದರು.

"ಗೌಡ್ರೇ, ಹಾಲು ಅಳ್ಯೋದು ನಮ್ಮೂರಲ್ಲೇ ಆದ್ರೆ ಹಸ ಸಾಕ್ತೀನಿ. ಇಲ್ದಿದ್ರೆ ಈ ಮಂಡಿ ಕಟ್ಕೊಂಡು ನನ್ನ ಕೈಲಾಗಾಕಿಲ್ಲ, ಪಿನ್ನೆ ಹಸಾನ ಯಾರಿಗಾದ್ರೂ ಕೊಟ್ಟೇ ಬುಡ್ತೀನಿ."

ಕೆಲಸ ಸುಲಭದ್ದೇ. ವ್ಯಾನಿನವನು ಅಲ್ಲಿಗೂ ಬರಲು ಒಪ್ಪಿದ್ದ. ನಿಯಮದ ಪ್ರಕಾರ ಆ ಊರಿನ ಹಾಲು ಉತ್ಪಾದಕರು ಒಂದು ಕಡೆ ಸೇರಿ, ಮಾತಾಡಿ, ಆಗಲಿ ಎಂದರೆ ಸಾಕು. ನಾನು ಅದನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕು. ಅವರನ್ನು ಕರೆಯುವುದೊಂದೇ ಬಾಕಿ, ಕರೆಯುವುದು ನನ್ನ ಕೆಲಸ.

ಏನೆಂದು ಕರೆಯುವುದು? 'ಸಭೆ' ತೀರಾ ಬಡಕಲು. 'ಸಮಾವೇಶ' ಎಂದರೆ ಬಾವುಟ ಹುಡುಕಬೇಕು. 'ವಿಚಾರ ಸಂಕಿರಣ' ಎಂದರೆ ಹೊರಗಿನಿಂದ ಒಬ್ಬ ಡಾಕ್ಟರನ್ನು ಕರೆಸಿ ಶಾಲು ಹೊದಿಸಬೇಕು. ಎರಡು ದಿನ ಯೋಚಿಸಿ 'ಹಾಲು ಉತ್ಪಾದಕರ ಮಹಾಸಭೆ' ಎಂದು ಬರೆದೆ. ಚಹದಂಗಡಿಯ ಗೋಡೆಗೆ ಅಂಟಿಸಿ, ವಾಟ್ಸಾಪಿಗೂ ಹಾಕಿ, ಅದನ್ನು ನಾನೇ ನಾಲ್ಕು ಸಲ ಓದಿಕೊಂಡೆ.

ಮಹಾಸಭೆಗೆ ತಕ್ಕಂತೆ ಸೊಸೈಟಿ ಕಟ್ಟಡದೊಳಗೆ ವೇದಿಕೆ, ಮೇಜಿಗೊಂದು ಬಟ್ಟೆ, ಮೈಕು. ಆ ಊರಿನ ಹೆಂಗಸರು ಬಂದರು, ಬಂದು ಹೊರಗೆ ಹಲಸಿನ ಮರದ ಕೆಳಗೆ ನಿಂತರು. ಒಳಗೆ ಬನ್ನಿ ಎಂದರೆ ನಕ್ಕರು. ಮೈಕು ಇರುವ ಕಡೆ ಮಾತಾಡುವವರು ಬೇರೆ, ಕೇಳುವವರು ಬೇರೆ ಎಂಬುದು ಅವರು ಕಂಡುಕೊಂಡ ಪದ್ಧತಿ. ನಾನು ಕಾರ್ಯಸೂಚಿ ಓದಿ ಮುಗಿಸಿದಾಗ ಜೋರಾಗಿ ಚಪ್ಪಾಳೆ ತಟ್ಟಿ ಮನೆಗೆ ಹೋದರು. ನಮ್ಮ ಅಧ್ಯಕ್ಷರು ಕಾಫಿ ತೋಟದ ಮಲಯಾಳಿ, ಒಳ್ಳೆಯ ಮನುಷ್ಯ. ಚಪ್ಪಾಳೆಯನ್ನು ನಡವಳಿಯಲ್ಲಿ ಬರೆಯಲಾಗದು ಎಂದು ನಿಟ್ಟುಸಿರು ಬಿಟ್ಟರು.

ಮುಂದಿನ ತಿಂಗಳು ಅಧ್ಯಕ್ಷರ ಸಲಹೆಯಂತೆ, ಮನಸ್ಸಿಲ್ಲದ ಮನಸ್ಸಿನಿಂದ, 'ಮೀಟಿಂಗ್' ಎಂದಷ್ಟೇ ಬರೆದೆ. ಈ ಸಲ ಆ ಊರಿನ ಹೆಂಗಸರೆಲ್ಲ ಹೊತ್ತಿಗೆ ಸರಿಯಾಗಿ ಬಂದರು. ನೆಟ್ಟಗೆ ಹಾಜರಿ ಪುಸ್ತಕದ ಬಳಿ ಹೋಗಿ ಕೆಲವರು ರುಜು ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಚಹ ಕುಡಿದರು, ಎದ್ದರು.

"ಎಲ್ಲಿಗೆ ಅಕ್ಕಾ?" ಎಂದೆ ಗಾಬರಿಯಿಂದ.

"ಮೀಟಿಂಗ್ ಆಯ್ತಲ್ಲ ಗೌಡ್ರೇ. ಸೈನ್ ಹಾಕುದ್ವಲ್ಲ?" ಎಂದರು ಮಂಡಿನೋವಿನವರು. "ಫೋಟ ತೆಗೀತೀರಾ? ನಿಂತ್ಕಬೇಕಾ?"

ಸಿಟ್ಟು ಬಂತು. ಯಾರ ಮೇಲೆ ಮಾಡುವುದು? ಅಷ್ಟು ವರ್ಷ ಒಬ್ಬೊಬ್ಬ ಅಧಿಕಾರಿಯೂ ಪುಸ್ತಕ ಹಿಡಿದು ಬಂದು, ರುಜು ಹಾಕಿಸಿ, ಫೋಟೋ ಹೊಡೆದು ಹೋಗಿದ್ದ. ಮೀಟಿಂಗೆಂದರೆ ಅದೇ ಎಂದು ಅವರಿಗೆ ಕಲಿಸಿದವರು ನಾವೇ. ಒಳಗೆ ಉಳಿದಿದ್ದವರು ಸೊಸೈಟಿ ಹತ್ತಿರದ ರಸ್ತೆ ಬದಿಯ ಸದಸ್ಯರು, ಅವರಿಗೆ ಈ ತೊಂದರೆಯಿರಲಿಲ್ಲ. ಹಾಜರಿ ಪುಸ್ತಕ ಭರ್ತಿಯಾಗಿತ್ತು, ಬೇಡಿಕೆ ಹೇಳುವವರಿರಲಿಲ್ಲ. 'ಸಂಬಂಧಪಟ್ಟವರು ಹಾಜರಿದ್ದು, ಯಾರೂ ಆಕ್ಷೇಪಿಸದ ಕಾರಣ ವಿಷಯವನ್ನು ಮುಂದೂಡಲಾಯಿತು' ಎಂದು ನಡವಳಿ ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಆಮೇಲೆ ನಾನು ಹಟಕ್ಕೆ ಬಿದ್ದೆ. ಸರಿಯಾದ ಪದ ಸಿಗದೆ ಇನ್ನೊಂದು ನೋಟೀಸು ಬರೆಯುವುದಿಲ್ಲ ಎಂದುಕೊಂಡೆ. ನಿಘಂಟು ತೆಗೆದೆ, ಮೈಸೂರಿನ ನೆಂಟರಿಗೆ ಫೋನು ಮಾಡಿದೆ. 'ಕೂಟ' ಎಂದರೆ ಊಟ ಏನು ಎಂದು ಕೇಳುತ್ತಾರೆ. 'ಗೋಷ್ಠಿ' ಎಂದರೆ ಕವಿಗಳು ಬಂದಾರು. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ 'ಸಮಾಲೋಚನೆ' ಸಿಕ್ಕಿತು. ವೇದಿಕೆಯ ಜಂಬವಿಲ್ಲ, ಹಾಜರಿ ಪುಸ್ತಕದ ವಾಸನೆಯಿಲ್ಲ, ಎಲ್ಲರೂ ಸಮನಾಗಿ ಕೂತು ಮಾತಾಡುವ ಪದ. ನನಗೆ ನಿಜಕ್ಕೂ ಖುಷಿಯಾಯಿತು. ಈ ಸಲ ಗೋಡೆಗೆ ಅಂಟಿಸದೆ ಕೈಯಾರೆ ಕೊಡೋಣವೆಂದು ಆ ಊರಿಗೆ ನಡೆದೆ.

ಬಿಸಿಲೇರಿತ್ತು. ಮಂಡಿನೋವಿನವರ ಜಗಲಿಯ ಮೇಲೆ ಕುಳಿತು ಬೆವರೊರೆಸಿಕೊಂಡು ನೋಟೀಸು ಕೊಟ್ಟೆ. ಅವರು ತಿರುಗಿಸಿ ನೋಡಿ ವಾಪಸು ಕೊಟ್ಟರು.

"ಚೀಟಿ ಯಾಕೆ ಗೌಡ್ರೇ? ನಮ್ಮಲ್ಲಿ ಮಾತಿದ್ರೆ ಚೀಟಿ ಕೊಡಾಕಿಲ್ಲ. ಮಾತು ಬೇಕಾದೋರು ಬಂದು ಜಗಲೀಲಿ ಕುಂತ್ಕತಾರೆ. ಕುಂತಿರೋದ ಕಂಡು ಮಿಕ್ಕೋರು ಬತ್ತಾರೆ."

"ಹಾಗಾದರೆ ಯಾವತ್ತು ಬರಲಿ?"

"ಈಗ ಕುಂತಿದ್ದೀರಲ್ಲ."

ನಿಜವಾಗಿಯೂ ಒಬ್ಬೊಬ್ಬರೇ ಬಂದರು. ಯಾರೂ ನಿಲ್ಲಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಲು ಅಳೆಯುವವರು ಯಾರು, ಕ್ಯಾನು ತೊಳೆಯುವವರು ಯಾರು, ಆನೆ ದಾರಿ ಕಟ್ಟಿದ ದಿನ ವ್ಯಾನಿನವನಿಗೆ ಫೋನು ಮಾಡುವವರು ಯಾರು ಎಂದು ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿದರು. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ನನ್ನನ್ನು ಬೈದರು ಕೂಡ. ನನ್ನ ಹಾಳೆ ತುಂಬಿತು, ನೋಟೀಸಿನ ಬೆನ್ನಿಗೆ ಬರೆದುಕೊಂಡೆ. ಕ್ಯಾನು ಇಡುವ ಜಾಗ ಯಾವುದು ಎಂಬ ಮಾತು ಬಂದಾಗ ಮಂಡಿನೋವಿನವರು ಹೇಳಿದರು.

"ನಮ್ಮ ಕೊಟ್ಟಿಗೇಲಿ ಇಡ್ರಿ. ಸಿಮೆಂಟು ನೆಲ, ಖಾಲಿ ಅದೆ."

"ಹಸುಗಳು?"

"ಹೋದ ವಾರ ಕೊಟ್ಬುಟ್ಟೆ, ಎರಡ್ನೂ."

ಅವರ ದನಿಯಲ್ಲಿ ದೂರು ಇರಲಿಲ್ಲ, ಅದೇ ನನ್ನನ್ನು ಚುಚ್ಚಿತು. ಒಂದು ವಾರದಿಂದ ಅವರು ಹಾಲು ತಂದಿರಲಿಲ್ಲ ಎಂಬುದು ಕಾರ್ಯದರ್ಶಿಯಾದ ನನಗೆ ತಿಳಿದಿರಬೇಕಿತ್ತು. ನಾನು ನಿಘಂಟು ನೋಡುತ್ತಿದ್ದೆ. ತಲೆಯೆತ್ತಲಾರದಷ್ಟು ನಾಚಿಕೆಯಾಯಿತು. ಅವರು ಒಳಗೆ ಹೋಗಿ ಎಲ್ಲರಿಗೂ ಲೋಟಗಳಲ್ಲಿ ಕಟ್ಟನ್ ಚಾಯ ತಂದರು. "ಹಾಲಿಲ್ಲ, ಹಿಂಗೇ ಕುಡೀರಿ" ಎಂದರು. ಹಾಲು ಉತ್ಪಾದಕರೆಲ್ಲ ಕರಿ ಚಹ ಕುಡಿದೆವು.

ಮನೆಗೆ ಬಂದು ನಡವಳಿ ಪುಸ್ತಕ ತೆರೆದೆ. ಸಭೆಯ ಸ್ವರೂಪ ಎಂಬ ಜಾಗವನ್ನು ಖಾಲಿ ಬಿಟ್ಟು, ಇನ್ನು ಹಾಲು ಅಳೆಯುವುದು ಆ ಊರಲ್ಲೇ ಎಂದು ನಿರ್ಣಯ ಬರೆದೆ. ಹಾಜರಿದ್ದ ಉತ್ಪಾದಕರ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಬರೆದೆ. ಹಸುವಿಲ್ಲದವರ ಹೆಸರು ಅಲ್ಲಿರಕೂಡದು, ನಿಯಮವಿದೆ. ಕೆಳಗೆ, ಯಾರೂ ಆಕ್ಷೇಪಿಸಲಿಲ್ಲ ಎಂದೂ ಬರೆದೆ.