ಮೊದಲ ಪುಟದಲ್ಲಿದ್ದ ಕೈಗಳು

ದಿವ್ಯಾ, ನಾಲ್ಕು ವರ್ಷದ ಹಿಂದೆ ನಿನ್ನ ಮೊದಲ ವೆಬ್‌ಸೈಟಿನಿಂದ ನಾನು ಆ ಕೈಗಳ ಫೋಟೋ ತೆಗೆಸಿದ್ದು ಡಿಸೈನ್ ಚೆನ್ನಾಗಿ ಕಾಣಲಿ ಎಂದಲ್ಲ. ಅವು ನಿನ್ನ ಅಮ್ಮನ ಕೈಗಳು ಎಂದು ನನ್ನ ಅತ್ತೆ ಮನೆಯವರಿಗೆ ಗೊತ್ತಾಗದಿರಲಿ ಎಂದು. ಅವು ಯಾರ ಕೈ ಎಂದು ಕೇಳಿದವರಿಗೆ ನಾನು — ನನ್ನ ಒಡಹುಟ್ಟಿದ ಅಕ್ಕನ ಕೈಗಳನ್ನು — ಯಾರೋ ಕೆಲಸದವರದ್ದು ಎಂದುಬಿಟ್ಟಿದ್ದೆ.

ಹೋದ ವಾರ ನೀನು ಹೊಸ ವೆಬ್‌ಸೈಟಿನ ಲಿಂಕ್ ಕಳಿಸಿದೆ. "ಚಿಕ್ಕಮ್ಮ, ಈ ಸಲಾನೂ ಫಸ್ಟ್ ಫೀಡ್‌ಬ್ಯಾಕ್ ನಿಮ್ದೇ. ಮುಲಾಜಿಲ್ಲದೆ ಹೇಳಿ" ಎಂದು ಕೆಳಗೆ ಬರೆದಿದ್ದೆ. ತೆರೆದು ನೋಡಿದೆ. ಬಣ್ಣಗಳು ತಣ್ಣಗಿವೆ, ಅಕ್ಷರಗಳು ಕಣ್ಣಿಗೆ ಹಿತವಾಗಿವೆ, ಡಜನ್ ಲೆಕ್ಕದಲ್ಲಿ ಆರ್ಡರ್ ಮಾಡುವ ಬಟನ್ ಬೆರಳಿಗೆ ಸಿಗುವ ಹಾಗಿದೆ. ಮೊದಲ ಪುಟದ ಮೇಲ್ಭಾಗದಲ್ಲಿ ಮಾತ್ರ ಒಂದು ದೊಡ್ಡ ಖಾಲಿ ಚೌಕ. "ಇಲ್ಲಿ ಯಾವ ಫೋಟೋ ಹಾಕ್ಲಿ ಅಂತಾನೇ ಗೊತ್ತಾಗ್ತಿಲ್ಲ" ಎಂದು ನೀನು ಬರೆದಿದ್ದೆ.

ಆ ಖಾಲಿ ಚೌಕವನ್ನು ನೋಡುತ್ತಾ ಕೂತವಳಿಗೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ನಿನ್ನ ಮೊದಲ ವೆಬ್‌ಸೈಟ್ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುಲಾಬಿ ಬಣ್ಣದ ಹಿನ್ನೆಲೆ, ಅದರ ಮೇಲೆ ಹಸಿರು ಅಕ್ಷರ, ಮೇಲೊಂದು ಓಡುವ ಸಾಲು. ಶಿಡ್ಲಘಟ್ಟದ ನಿಮ್ಮ ಮನೆಯ ನಡುಮನೆಯಲ್ಲಿ ನಿನ್ನ ಅಮ್ಮ ಮತ್ತು ಅಕ್ಕಪಕ್ಕದ ನಾಲ್ಕು ಹೆಂಗಸರು ರೇಷ್ಮೆ ದಾರ ಸುತ್ತಿ ಮಾಡುವ ಬಳೆ, ಜುಮುಕಿಗಳನ್ನು ಚಿಂತಾಮಣಿ, ಗೌರಿಬಿದನೂರಿನ ಫ್ಯಾನ್ಸಿ ಸ್ಟೋರ್‌ಗಳಿಗೆ ಹೋಲ್‌ಸೇಲಾಗಿ ಕೊಡುತ್ತಿದ್ದಿರಿ. ಇನ್ನೂ ದೂರದ ಅಂಗಡಿಗಳಿಗೆ ತಲುಪಬೇಕೆಂದು ನೀನೇ ಕಲಿತು, ನೀನೇ ಕೂತು ಆ ಸೈಟ್ ಮಾಡಿದ್ದೆ. ಅದರ ಮೊದಲ ಪುಟದಲ್ಲಿ ಎರಡು ಕೈಗಳು — ಮೊಣಕೈವರೆಗೆ, ಕಿಟಕಿಯ ಬೆಳಕಿನಲ್ಲಿ, ಕೈತುಂಬ ನವಿಲು ಬಣ್ಣದ ಬಳೆಗಳು.

ನೋಡಿದ ಕೂಡಲೇ ಗುರುತು ಸಿಕ್ಕಿತು. ಬೆರಳ ತುದಿಗಳು ಬೆಳ್ಳಗೆ ಬೆಂದು ಒಣಗಿದ ಹಾಗೆ. ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದದ್ದು. ಆ ಉಗುರನ್ನು ನಾನು ಸಾವಿರ ಕೈಗಳ ನಡುವೆಯೂ ಕಂಡುಹಿಡಿಯುತ್ತೇನೆ.

ಆಗ ನನ್ನ ಪಕ್ಕದಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದವರು ಪುಷ್ಪಕ್ಕ, ನನ್ನ ವಾರಗಿತ್ತಿ. ಕುತೂಹಲಕ್ಕೆ ಫೋನಿನೊಳಗೆ ಇಣುಕಿದರು.

"ಅಯ್ಯೋ, ಇದೇನೇ ಇದು! ಬಳೆ ನೋಡಣ ಅಂದ್ರೆ ಕೈಯೇ ಕಣ್ಣಿಗೆ ಹೊಡೀತದೆ. ಯಾರ್ದಿದು, ಕೆಲಸದೋಳ ಕೈಗೆ ಹಾಕಿಸ್ಬಿಟ್ಟವ್ಳಾ ನಿಮ್ ಹುಡ್ಗಿ?"

ಹೇಳಬಹುದಿತ್ತು. ನಮ್ಮಕ್ಕನ ಕೈ — ಎರಡೇ ಮಾತು. ನಾನು ನಕ್ಕೆ. "ಹೂಂ ಪುಷ್ಪಕ್ಕ, ಯಾರೋ ಕೆಲಸದವರದ್ದಿರಬೇಕು" ಎಂದೆ. ಅವರು ಮತ್ತೆ ಅವರೆಕಾಳಿಗೆ ಹೋದರು. ನನ್ನ ಕಿವಿ ಮಾತ್ರ ಬಹಳ ಹೊತ್ತು ಬಿಸಿಯಾಗಿತ್ತು.

ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದಾಗ ತವರಿನವರು ಏನು ಮಾಡುತ್ತಾರೆ ಎಂದು ಕೇಳಿದವರಿಗೆಲ್ಲ ನಾನು "ಸಿಲ್ಕ್ ಬಿಸಿನೆಸ್" ಎನ್ನುತ್ತಿದ್ದೆ. ಪೂರ್ತಿ ಸುಳ್ಳಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತು. ನಮ್ಮಪ್ಪ ಇನ್ನೊಬ್ಬರ ರೀಲಿಂಗ್ ಘಟಕದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕಿದ್ದರು ಎಂದು, ಅವರು ಹಾಸಿಗೆ ಹಿಡಿದ ಮೇಲೆ ಏಳನೇ ಕ್ಲಾಸಿನ ಅಕ್ಕ ಪಾಟಿಚೀಲ ಇಟ್ಟು ಅವರ ಜಾಗದಲ್ಲಿ ನಿಂತಳು ಎಂದು, ಕುದಿಯುವ ನೀರಿನೊಳಗೆ ಬೆರಳದ್ದಿ ಗೂಡಿನ ಎಳೆ ಹುಡುಕುತ್ತಲೇ ದೊಡ್ಡವಳಾದಳು ಎಂದು — ಒಂದು ದಿನವೂ ಹೇಳಲಿಲ್ಲ.

ಅವಳು ಅಲ್ಲಿ ನಿಂತದ್ದರಿಂದಲೇ ನಾನು ಕಾನ್ವೆಂಟಿಗೆ ಹೋದದ್ದು. ಬೆಳಿಗ್ಗೆ ಅವಳೇ ನನಗೆ ಎರಡು ಜಡೆ ಹಾಕಿ ಬಿಳಿ ರಿಬ್ಬನ್ ಕಟ್ಟುತ್ತಿದ್ದಳು. ಬೆರಳಿನ ಒರಟಿಗೆ ರಿಬ್ಬನ್ನಿನ ಎಳೆ ಸಿಕ್ಕಿಕೊಂಡು ಏಳುತ್ತಿತ್ತು. "ಅಕ್ಕಾ, ಹಾಳಾಗುತ್ತೆ!" ಎಂದು ನಾನು ಸಿಡುಕಿದರೆ, ಬೆರಳ ತುದಿ ತಾಗಿಸದೆ ಗೆಣ್ಣುಗಳಲ್ಲೇ ಹಿಡಿದು ಹೂವಿನ ಹಾಗೆ ಕಟ್ಟುತ್ತಿದ್ದಳು. ಈಗಲೂ ಬಳೆಗೆ ದಾರ ಸುತ್ತುವ ಮೊದಲು ಅವಳು ಬೆರಳಿಗೆ ಪೌಡರ್ ಸವರಿಕೊಳ್ಳುತ್ತಾಳಲ್ಲ — ಎಳೆ ಸಿಕ್ಕಬಾರದೆಂದು — ಅದನ್ನು ನೋಡಿದಾಗಲೆಲ್ಲ ನನಗೆ ಆ ರಿಬ್ಬನ್ನು ನೆನಪಾಗುತ್ತದೆ.

ಇಷ್ಟೆಲ್ಲ ನೆನಪಿಟ್ಟುಕೊಂಡವಳು ಆ ಮಧ್ಯಾಹ್ನ ನಿನಗೆ ಫೋನ್ ಮಾಡಿದೆ. ಬರೆದುಕೊಳ್ಳುತ್ತೇನೆ ಎಂದು ನೀನು ಪೆನ್ನು ಹಿಡಿದು ಕೂತೆ. ಗುಲಾಬಿ ಮೇಲೆ ಹಸಿರು ಓದಲಾಗುವುದಿಲ್ಲ ಎಂದೆ, ಓಡುವ ಸಾಲು ತೆಗೆ ಎಂದೆ, ಎರಡು ಸ್ಪೆಲ್ಲಿಂಗ್ ತಿದ್ದಿದೆ. ಅದೆಲ್ಲ ಪ್ರಾಮಾಣಿಕವಾಗಿಯೇ ಹೇಳಿದ್ದು. ಆ ಪ್ರಾಮಾಣಿಕತೆಯ ನಡುವೆ ಇನ್ನೊಂದನ್ನೂ ಸೇರಿಸಿದೆ, ಅದೇ ದನಿಯಲ್ಲಿ —

"ಆಮೇಲೆ ಆ ಕೈ ಫೋಟೋ ತೆಗೆದುಬಿಡಮ್ಮ. ನೋಡೋರ್ಗೆ ಒಂಥರಾ ಅನ್ಸುತ್ತೆ. ಯಾವುದಾದ್ರೂ ನೀಟಾದ ಮಾಡೆಲ್ ಕೈ ಹಾಕು."

ನಿನ್ನ ಫೋನ್ ಸ್ಪೀಕರಿನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಬಳೆಗಳನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅಕ್ಕನ ದನಿ.

"ಅವ್ಳು ಹೇಳೋದು ಸರಿನೇ ಕಣೇ ದಿವ್ಯಾ. ನಂಗೂ ಹಂಗೇ ಅನ್ಸಿತ್ತು. ಓದ್ದೋರ ಕಣ್ಣು, ಅದ್ಕೇ ಗೊತ್ತಾಯ್ತದೆ. ತೆಗೆದ್ಬಿಡು."

"ಅಕ್ಕಾ, ನಾನು ಹಂಗಲ್ಲ —"

"ಪರ್ವಾಲೇದು ಬಿಡೇ" ಎಂದಳು, ಪರವಾಗಿಲ್ಲ ಎಂಬುದನ್ನು ನಮ್ಮಮ್ಮನ ತೆಲುಗಿನಲ್ಲಿ, ನಾವು ಬಿದ್ದು ಮಂಡಿ ತರಚಿಕೊಂಡಾಗ ಅಮ್ಮ ಹೇಳುತ್ತಿದ್ದ ಹಾಗೆ. "ಊಟ ಆಯ್ತಾ ನಿಂದು?"

ಆಯ್ತು ಎಂದೆ. ಆಗಿರಲಿಲ್ಲ.

ನೀನು ಆ ಕೈಗಳ ಫೋಟೋ ತೆಗೆದುಹಾಕಿದೆ. ವೆಲ್ವೆಟ್ ಸ್ಟ್ಯಾಂಡಿನ ಮೇಲೆ ಬಳೆ ಜೋಡಿಸಿದ ಫೋಟೋ ಬಂತು, ಎಲ್ಲರ ಸೈಟಿನಲ್ಲೂ ಇರುವಂಥದ್ದು. ಆಮೇಲೆ ನೀನೇ ಒಂದು ಸಲ ಬೇಜಾರಿನಿಂದ ಹೇಳಿದ್ದೆ — ಗೌರಿಬಿದನೂರಿನ ಹೊಸ ಅಂಗಡಿಯವರು ಸೈಟ್ ನೋಡಿ, "ಇದು ನೀವೇ ಮಾಡೋದಾ, ಇಲ್ಲ ಬೆಂಗಳೂರಿಂದ ತಂದು ಮಾರೋದಾ?" ಎಂದು ಕೇಳಿದರು ಎಂದು. ಮಾಡುವ ಕೈಗಳನ್ನು ತೆಗೆಸಿದವಳು ನಾನು. ಆಗಲೂ ಬಾಯಿ ಬಿಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಈ ಕಾಗದ ಬರೆಯುತ್ತಿರಲಿಲ್ಲವೇನೋ — ನಾನು ಅಂಥವಳೇ. ಆದರೆ ಮರುವರ್ಷ ನಡೆದ ನಿನ್ನ ಮದುವೆಯ ಬಳೆ ಶಾಸ್ತ್ರ ಇದೆಯಲ್ಲ.

ಬಳೆಗಾರ್ತಿ ಹಸಿರು ಗಾಜಿನ ಬಳೆ ತೊಡಿಸಿ ಎದ್ದಳು. ನಿನಗೆಂದೇ ಅಕ್ಕ ತಿಂಗಳುಗಟ್ಟಲೆ ಕೂತು ಸುತ್ತಿದ ಕೆಂಪು–ಜರಿ ಜೋಡಿ ತಟ್ಟೆಯಲ್ಲಿತ್ತು. ಅವಳೇ ತೊಡಿಸಬೇಕಿತ್ತು. ನಿಮ್ಮಪ್ಪ ಎರಡು ಸಲ ಕರೆದರು. ಅವಳು ಕಂಬದ ಹತ್ತಿರ ನಿಂತು, ಕೈಗಳೆರಡನ್ನೂ ಸೆರಗಿನೊಳಗೆ ಸುತ್ತಿಕೊಂಡು, ನನ್ನನ್ನು ಮುಂದಕ್ಕೆ ತಳ್ಳಿದಳು. ಕಿವಿಯಲ್ಲಿ ಹೇಳಿದಳು — "ನೀನೇ ತೊಡ್ಸೇ. ಫೋಟೋದಾಗೆ ನಿನ್ ಕೈಯಾದ್ರೆ ಚೆನ್ನಾಗಿ ಬರ್ತದೆ."

ಅದರಲ್ಲಿ ಕೊಂಕಿರಲಿಲ್ಲ ದಿವ್ಯಾ. ಇದ್ದಿದ್ದರೆ ಎಷ್ಟೋ ಮೇಲಾಗಿತ್ತು.

ನಾನು ತೊಡಿಸಿದೆ. ನೀನು ತಲೆ ಎತ್ತಿ ಅಮ್ಮನನ್ನು ಹುಡುಕಿದ್ದು ನೋಡಿದೆ. ಆ ಸಂಜೆ ನೀನು ನನ್ನ ಹೆಗಲಿಗೆ ಒರಗಿ, "ಅಮ್ಮಂಗೆ ನನ್ ಮೇಲೆ ಏನಾದ್ರೂ ಸಿಟ್ಟಾ ಚಿಕ್ಕಮ್ಮ? ಹತ್ರಾನೇ ಬರ್ಲಿಲ್ಲ" ಎಂದು ಅತ್ತೆ. ನಾನು ನಿನ್ನ ತಲೆ ಸವರಿದೆ. "ಅವಳಿಗೆ ಭುಜ ನೋವು ಕಣಮ್ಮ" ಎಂದೆ. ಇಷ್ಟು ವರ್ಷ ನೀನು ನಂಬಿರುವ ಆ ಭುಜ ನೋವು ನಾನು ಆ ಗಳಿಗೆಯಲ್ಲಿ ಹುಟ್ಟಿಸಿದ್ದು. ನಿನ್ನ ಅಮ್ಮನಿಗೆ ಸಿಟ್ಟೂ ಇರಲಿಲ್ಲ, ನೋವೂ ಇರಲಿಲ್ಲ — ಭುಜದಲ್ಲಿ. ನಿನ್ನ ಆಲ್ಬಮ್ ತೆಗೆದು ನೋಡು. ಒಂದು ಫೋಟೋದಲ್ಲೂ ಅವಳ ಕೈ ಕಾಣುವುದಿಲ್ಲ.

ನಿನ್ನ ಲಿಂಕ್ ಬಂದ ಮೇಲೆ, ಮೊನ್ನೆ ಗುರುವಾರ, ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋದೆ. ಅಕ್ಕ ಕಿಟಕಿಯ ಪಕ್ಕ ದಾರ ಸುತ್ತುತ್ತಿದ್ದಳು. "ಒಂದು ಫೋಟೋ ತೆಗೀತೀನಿ, ಆ ನವಿಲು ಬಣ್ಣದ ಬಳೆ ಹಾಕ್ಕೋ" ಎಂದೆ. ಅವಳು ನಕ್ಕಳು. ನಗುತ್ತಲೇ ಕೈಗಳು ಮಡಿಲಿನಿಂದ ಸೆರಗಿನೊಳಕ್ಕೆ ಸರಿದವು, ತಮ್ಮಷ್ಟಕ್ಕೆ ತಾವೇ, ಅಷ್ಟು ಅಭ್ಯಾಸವಾಗಿದೆ.

"ಬೇಡ ಕಣೇ. ನೋಡೋರ್ಗೆ ಒಂಥರಾ ಅನ್ಸುತ್ತೆ."

ನನ್ನ ಮಾತೇ, ಒಂದಕ್ಷರ ಆಚೀಚೆ ಇಲ್ಲ. ಅದು ನಾನು ಕೊಟ್ಟದ್ದು ಎಂಬುದನ್ನೂ ಅವಳು ಮರೆತಿರಬಹುದು, ಈಗ ಅದು ಅವಳದೇ ತಿಳಿವಳಿಕೆ. ಅಲ್ಲೇ ಕಾಲು ಹಿಡಿದು ಹೇಳಬೇಕಿತ್ತು. ಕಾಫಿ ಕುಡಿದು ಬಂದೆ.

ನಿನ್ನೆ ಪುಷ್ಪಕ್ಕನಿಗೆ ಹೇಳಿದೆ. "ಆವತ್ತು ಫೋನಿನಲ್ಲಿ ನೀವು ನೋಡಿದ್ರಲ್ಲ, ಕೆಲಸದೋಳ ಕೈ ಅಂದ್ರಲ್ಲ — ಅದು ನಮ್ಮಕ್ಕನ ಕೈ. ರೀಲಿಂಗ್ ಮಾಡಿ ಮಾಡಿ ಹಾಗಾಗಿದೆ. ಆ ಕೈಯೇ ನನ್ನ ಓದಿಸಿದ್ದು."

ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಯಾವ ಕೈ? ಯಾವಾಗ? ನಂಗೊಂದೂ ನೆನಪಿಲ್ವಲ್ಲೇ" ಎಂದರು.

ನೆನಪಿಲ್ಲ. ಯಾರ ಕಣ್ಣಿಗೆ ಹೆದರಿ ನಾನು ಅಷ್ಟು ಮಾಡಿದೆನೋ ಅವರಿಗೆ ನೆನಪೇ ಇಲ್ಲ.

ಇದು ಈ ಸಲದ ನನ್ನ ಫೀಡ್‌ಬ್ಯಾಕ್, ದಿವ್ಯಾ. ಬಣ್ಣ ಚೆನ್ನಾಗಿದೆ, ಅಕ್ಷರ ಚೆನ್ನಾಗಿದೆ. ಆ ಖಾಲಿ ಚೌಕದಲ್ಲಿ ಏನಿರಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಅದನ್ನು ಖಾಲಿ ಮಾಡಿದವಳು ನಾನು ಎಂದು ಮಾತ್ರ ಹೇಳಬಲ್ಲೆ.

ಭಾನುವಾರ ನಾನು ಶಿಡ್ಲಘಟ್ಟಕ್ಕೆ ಬರುತ್ತೇನೆ, ನೀನೂ ಅಲ್ಲಿರು. ನಿನ್ನ ಅಮ್ಮನೆದುರು ಈ ಕಾಗದವನ್ನು ನಾನೇ ಓದುತ್ತೇನೆ, ನಡುವೆ ನಿಲ್ಲಿಸಿಬಿಟ್ಟರೆ ಉಳಿದದ್ದನ್ನು ನೀನು ಓದಬೇಕು. ಓದಿ ಮುಗಿದ ಮೇಲೆ ಅವಳು ಏನು ಹೇಳುತ್ತಾಳೆ ಎಂದು ನನಗೀಗಲೇ ಗೊತ್ತು. "ಪರ್ವಾಲೇದು" ಎನ್ನುತ್ತಾಳೆ. ನೀನು ಅದನ್ನು ನಂಬಬೇಡ. ನಾಲ್ಕು ವರ್ಷ ನಾನು ನಂಬಿದೆ — ನಂಬುವುದು ನನಗೆ ಸುಲಭವಾಗಿತ್ತು.