ಇಲ್ಲದ ಆನೆಗೆ ಅತ್ತದ್ದು

ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಪದ್ಮಕ್ಕನ ಹತ್ತಿರ ಜಿಪ್ ಮಾರಲು ಹೋದರೆ, ಮೊದಲು ಸಿನಿಮಾದ ಮಾತು, ವ್ಯಾಪಾರ ಆಮೇಲೆ. ಮನೆಯಲ್ಲಿ ಟೀವಿ ಮುಂದೆ ಕೂತು ನೋಡಿದ್ದನ್ನೆಲ್ಲ ನನ್ನೆದುರು ಹರಡುತ್ತಾರೆ. ಒಂದು ದಿನ ಅವರು ವಿಚಾರಿಸಿದ ಸಿನಿಮಾವನ್ನು ನಾನೂ ಹಿಂದಿನ ರಾತ್ರಿ ಮನೆಯ ಟೀವಿಯಲ್ಲಿ ಹಚ್ಚಿದ್ದೆ. ಹೆಸರು ಬರುವಷ್ಟರಲ್ಲೇ ನಿದ್ದೆ ಹೋಗಿದ್ದೆ.

“ನೋಡಿದ್ರೇನು? ಹೆಂಗೈತಿ?”

“ಭಾಳ ಚಲೋ ಐತ್ರಿ ಅಕ್ಕಾರ,” ಅಂದೆ.

“ಆನಿ ಸಾಯ್ತೈತಲ್ಲ, ನಾ ಅಂತೂ ಅತ್ತುಬಿಟ್ಟೆ.”

“ನಮ್ಮ ಮನ್ಯಾಗೂ ಎಲ್ಲಾರೂ ಅತ್ರು. ನನಗ ಊಟನ ಸೇರಲಿಲ್ಲ.”

ಪದ್ಮಕ್ಕ ಹೊಲಿಯುತ್ತಿದ್ದ ಹೆಣ್ಣುಮಕ್ಕಳ ಕಡೆ ತಿರುಗಿ, “ಕೇಳಿದ್ರೇನ್ರೇ? ಆ ಸಿನಿಮಾದಾಗ ಆನೀನ ಇಲ್ಲ!” ಅಂದರು. ಮಿಷನ್ನುಗಳೆಲ್ಲ ನಿಂತು ನಗು ಎದ್ದಿತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

“ಜಿಪ್ ಗಟ್ಟಿ ಅದಾವು ಅಂತೀರಲ್ಲ, ಅದೂ ಹಿಂಗ ಏನು?” ಎನ್ನುತ್ತ ಮಾದರಿಗೆ ಒಯ್ದಿದ್ದ ಜಿಪ್ಪುಗಳನ್ನು ಒಂದೊಂದಾಗಿ ಎಳೆದೆಳೆದು ನೋಡಿದರು. ಪುಣ್ಯಕ್ಕೆ ಯಾವುದೂ ಕಿತ್ತು ಬರಲಿಲ್ಲ. ಆರ್ಡರ್ ಸಿಕ್ಕಿತು.

ಹೋದ ಮಾನವನ್ನು ಮರಳಿ ಗಳಿಸಬೇಕಲ್ಲ. ಭಾನುವಾರ ಮಧ್ಯಾಹ್ನ ಚಹಾ ಕುಡಿದು ಕುಡಿದು ಆ ಸಿನಿಮಾ ಪೂರ್ತಿ ನೋಡಿದೆ; ಆನೆ ಎಲ್ಲೂ ಬರಲಿಲ್ಲ. ಹಾಡು ಹೆಚ್ಚಾದವು, ನಾಯಕನಿಗಿಂತ ಅವನ ತಮ್ಮ ವಾಸಿ, ಹೀಗೆ ಅಭಿಪ್ರಾಯಗಳನ್ನು ಹೊಂದಿಸಿಕೊಂಡು ಮತ್ತೆ ಹೋಗಿ ಕಥೆ ಶುರು ಮಾಡಿದೆ. ಪದ್ಮಕ್ಕ ಗಾಬರಿಯಿಂದ ಕೈ ಅಡ್ಡ ಹಿಡಿದರು.

“ಸಾಕ್ರಿ ಸಾಕು, ಮುಂದಿಂದು ಹೇಳಬ್ಯಾಡ್ರಿ! ನಾ ಹಚ್ಚಿದ ದಿನ ಶುರು ಆಗೂದ್ರಾಗ ಕರೆಂಟ್ ಹೋತು. ನಾ ಇನ್ನೂ ನೋಡೇ ಇಲ್ಲ.”

ನೋಡದ ಸಿನಿಮಾದಲ್ಲಿ ಆನೆ ಇಲ್ಲವೆಂದು ಅಷ್ಟು ಗಟ್ಟಿಯಾಗಿ ಹೇಳಿದ್ದರಲ್ಲ, ಮಾರಾಟದ ಕೆಲಸಕ್ಕೆ ನನಗಿಂತ ಆಕೆಯೇ ಲಾಯಕ್ಕು.