ರಾಟಾ ಬೀದಿಯ ಹೊಗೆ ಕಾಯುವಾಕೆ

ಜುಲೈ ತಿಂಗಳು, ಇಲ್ಲಿ ನಡುಚಳಿಗಾಲ; ಬೆಳಗಿನ ಆರೂ ಮುಕ್ಕಾಲು. ಕೆರೆರು ಕ್ರೀಕ್ ಊರಿನ ರಾಟಾ ಬೀದಿಯಲ್ಲಿ ಹುಲ್ಲೆಲ್ಲ ಹಿಮ ಕಟ್ಟಿ ಬೆಳ್ಳಗಾಗಿದೆ. ಹದಿನಾಲ್ಕನೇ ನಂಬರಿನ ಮನೆಯೆದುರು ರೇವಿನ್ ಟಿಪೋಕಿ ಬೇಲಿಗೊರಗಿ, ತಲೆ ಮೇಲೆತ್ತಿ ನಿಂತಿದ್ದಾಳೆ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಚಹಾದ ಫ್ಲಾಸ್ಕು. ಚಿಮಣಿಯಿಂದ ಈಗಷ್ಟೇ ಹೊಗೆ ಎದ್ದಿದೆ. ಒಲೆ ಹೊತ್ತಿಸಿದ ಮೇಲೆ ಹದಿನೈದು ನಿಮಿಷ ಹೊಗೆಗೆ ಮಾಫಿ. ಅದರಾಚೆಗೂ ಕಂಡರೆ ನೋಟಿಸು. ಈ ಮನೆಗೆ ಆಗಲೇ ಎರಡು ಹೋಗಿವೆ. ಮೂರನೆಯದು ಹೋದರೆ ಒಲೆಗೆ ಬೀಗಮುದ್ರೆ.

ಒಳಗಿರುವವನು ಡೆಸ್ ಹ್ಯಾಗರ್ಟ್, ಕುರಿಗಳ ಉಣ್ಣೆ ಕತ್ತರಿಸಿ ಕತ್ತರಿಸಿ ಸೊಂಟ ಹಾಳುಮಾಡಿಕೊಂಡ ಎಪ್ಪತ್ತಾರರ ಒರಟ. ಮನೆಯಲ್ಲಿ ಬೆಚ್ಚಗಿರುವುದೆಂದರೆ ಆ ಒಲೆಯೊಂದೇ.

ಗುಡ್ಡಗಳ ನಡುವೆ ಬಟ್ಟಲಿನ ಹಾಗೆ ಕೂತಿರುವ ಊರಿದು. ಗಾಳಿಯಾಡದ ದಿನ ಹೊಗೆ ಎಲ್ಲಿಗೂ ಹೋಗದೆ ಜನರ ಎದೆಗೇ ಇಳಿಯುತ್ತದೆ. ಚಳಿಗಾಲವಿಡೀ ರೇವಿನ್ ಪುರಸಭೆಯ ಪರವಾಗಿ ದಿನಕ್ಕೆ ಇನ್ನೂರು ಚಿಮಣಿ ನೋಡುತ್ತಾಳೆ, ಏಳೆಂಟು ಕಿಲೋಮೀಟರು ನಡೆಯುತ್ತಾಳೆ. ಅವಳನ್ನು ಕಂಡರೆ ಯಾರೂ ಕೈ ಬೀಸುವುದಿಲ್ಲ, ಪರದೆ ಎಳೆಯುತ್ತಾರೆ. "ಎಳ್ಕೊಳ್ಲಿ ಬಿಡಿ, ನಾನು ನೋಡೋದು ಮಾಡಿನ ಮೇಲೆ ತಾನೆ," ಎಂದು ನಗುತ್ತಾಳೆ.

ಡೆಸ್ ಮನೆಯೆದುರು ಮಾತ್ರ ಅವಳಿಗೆ ನಗು ಬರುವುದಿಲ್ಲ. ಹತ್ತೊಂಬತ್ತು ವರ್ಷ ಗಂಡ ಹೇಮಿಯ ಜೊತೆ ಇದೇ ಬೀದಿಗಳಿಗೆ ಸೌದೆ ಮಾರಿದವಳು ಅವಳು. ಭಾರವಿದ್ದರೆ ಒಳ್ಳೆಯ ಸೌದೆ, ಇದು ಊರಿನವರ ನಂಬಿಕೆ, ಇವರದೂ ಅದೇ. ಕಡಿದ ವಾರದಲ್ಲೇ ಲಾರಿಗೆ ತುಂಬುತ್ತಿದ್ದರು. ಮೂರು ವರ್ಷದ ಹಿಂದೆ ಹೇಮಿ ತೀರಿಕೊಂಡ. ಅವಳು ಈ ಕೆಲಸ ಹಿಡಿದಳು. ಸೌದೆಯ ತೇವ ಅಳೆಯುವ ಮುಳ್ಳಿನ ಮೀಟರು ಕೈಗೆ ಬಂದ ದಿನ ಮೊದಲು ಚುಚ್ಚಿದ್ದು ತನ್ನದೇ ಸೌದೆಗೆ. ಅರ್ಧಕ್ಕರ್ಧ ನೀರು!

"ಅಯ್ಯೋ ದೇವರೇ ಅನ್ನಿಸ್ತು. ಇಷ್ಟು ವರ್ಷ ನಾವು ನೀರು ಮಾರಿದ್ವಿ. ಹೇಮಿ ಇದ್ದಿದ್ರೆ ನಂಬ್ತಾನೇ ಇರ್ಲಿಲ್ಲ."

ಅವರ ಕೊನೆಯ ಲಾರಿಯ ಸೌದೆ ಡೆಸ್‌ನ ಕೊಟ್ಟಿಗೆಯಲ್ಲಿ ಇನ್ನೂ ಇತ್ತು. ಪುಣ್ಯಾತ್ಮ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ನಾಲ್ಕೂ ಕಡೆ ಬಿಗಿದು ಕಟ್ಟಿದ್ದ, ಆರುವುದಾದರೂ ಹೇಗೆ? ಎರಡನೇ ನೋಟಿಸು ಹಿಡಿದು ಹೋದಾಗ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡ. "ಸೌದೆ ಕೊಟ್ಟೋಳೂ ನೀನೇ, ಹೊಗೆ ಬಂತು ಅಂತ ಬರೆಯೋಳೂ ನೀನೇ! ನಾಚ್ಕೆ ಆಗಲ್ವೇನೇ ರೇವಿನ್?"

ಆಯಿತು, ನಿಜಕ್ಕೂ ಆಯಿತು. ಶನಿವಾರ ಅವಳು ತನ್ನ ಮನೆಗೆಂದು ಎರಡು ವರ್ಷ ಒಣಗಿಸಿಟ್ಟ ಸೌದೆಯನ್ನೆಲ್ಲ ಟ್ರೇಲರಿನಲ್ಲಿ ತಂದು ಅವನ ಕೊಟ್ಟಿಗೆಗೆ ಇಳಿಸಿದಳು. ಅವನ ಹಸಿ ಸೌದೆಯನ್ನು ಹೇರಿಕೊಂಡು ಹೋದಳು. ಎರಡು ತುಂಡು ಬಡಿದು ತೋರಿಸಿದಳು: ಒಣಗಿದ್ದು ಟಣ್ ಅನ್ನಬೇಕು, ಹಸಿಯದು ದಬ್ ಅನ್ನುತ್ತದೆ. ದಪ್ಪ ಸೌದೆ ಕೆಳಗೆ, ಚಕ್ಕೆ ಮೇಲೆ, ಬೆಂಕಿ ಹಚ್ಚುವುದು ಮೇಲಿನಿಂದ.

"ಬೆಂಕೀನ ಉಲ್ಟಾ ಹಚ್ಚೋದಾ? ನಿನಗೆ ತಲೆ ಕೆಟ್ಟಿದೆ," ಅಂದ ಡೆಸ್. ಅಂದಿನಿಂದ ರೇವಿನ್ ಮನೆಯಲ್ಲಿ ಒಲೆ ಹೊತ್ತಿಲ್ಲ, ಎರಡು ಸ್ವೆಟರು ಮತ್ತು ಬಿಸಿನೀರಿನ ಚೀಲವೇ ಗತಿ.

ಹನ್ನೊಂದು ನಿಮಿಷ. ಹೊಗೆ ಇನ್ನೂ ದಟ್ಟವಾಗಿದೆ. ಪಕ್ಕದ ಮನೆಯ ಸೇಲಾ ಟೌಫಾ ಮುಚ್ಚಿದ ಕಿಟಕಿಯ ಹಿಂದೆ ಮಗಳನ್ನೆತ್ತಿಕೊಂಡು ನಿಂತಿದ್ದಾಳೆ. ಮಗುವಿಗೆ ಉಬ್ಬಸ, ದೂರು ಕೊಟ್ಟವಳು ಅವಳೇ.

"ಇಬ್ಬರದೂ ಸರಿ, ಅದೇ ಕಷ್ಟ," ಎನ್ನುತ್ತಾಳೆ ರೇವಿನ್, ಚಿಮಣಿಯಿಂದ ಕಣ್ಣು ಕೀಳದೆ. "ಹದಿನಾರಾದ್ರೆ ಬರೀತೀನಿ. ಡೆಸ್ ಅಂತ ಬಿಡಕ್ಕಾಗಲ್ಲ, ಆ ಮಗು ಉಸಿರಾಡ್ಬೇಕಲ್ಲ."

ಹದಿಮೂರು. ಹೊಗೆ ತೆಳುವಾಗುತ್ತದೆ. ಹದಿನಾಲ್ಕು. ಚಿಮಣಿಯ ಬಾಯಲ್ಲಿ ಬಿಸಿಗಾಳಿಯ ನಡುಕವೊಂದೇ ಉಳಿಯುತ್ತದೆ. ರೇವಿನ್ ಉಸಿರು ಬಿಡುತ್ತಾಳೆ.

ಸೇಲಾ ಗಾಜು ತಟ್ಟುತ್ತಾಳೆ. "ಆಂಟಿ, ಇವತ್ತು ಕಿಟಕಿ ತೆಗೀಬಹುದಾ?"

"ತೆಗಿ ಮರಿ, ಧಾರಾಳವಾಗಿ ತೆಗಿ."

ಡೆಸ್ ಚಪ್ಪಲಿ ಎಳೆಯುತ್ತ ಹೊರಬಂದು ಬೇಲಿಯ ಕಂಬದ ಮೇಲೆ ಬನ್ನಿನಂಥ ಬಿಸಿ ಚೀಸ್ ಸ್ಕೋನ್ ಒಂದನ್ನು ಇಡುತ್ತಾನೆ. "ಏನು ಬರ್ಕೊಂಡೆ?"

"ಹೊಗೆ ಇಲ್ಲ."

"ಹೂಂ. ಚಳಿಗೆ ಸಾಯ್ತೀಯ, ತಿನ್ನು," ಎಂದು ಗೊಣಗಿ ಒಳಗೆ ಹೋಗುತ್ತಾನೆ.

ಮಧ್ಯಾಹ್ನ ರೇವಿನ್ ತನ್ನ ಹಿತ್ತಲಿನಲ್ಲಿ ಅವನ ಹಸಿ ಸೌದೆಯನ್ನು ಸೀಳಿ, ಗಾಳಿ ಬರುವ ಕಡೆಗೆ ಮುಖಮಾಡಿ ಪೇರಿಸುತ್ತಾಳೆ. ಒಂದೊಂದನ್ನೂ ಬಡಿದು ಕೇಳುತ್ತಾಳೆ. ದಬ್, ದಬ್.

"ಎರಡು ವರ್ಷ ಹೋದ್ರೆ ಟಣ್ ಅನ್ನತ್ತೆ. ಆಗ ಎಲ್ಲಾನೂ ಡೆಸ್ ಮನೇಗೇ ತಂದು ಹಾಕ್ತೀನಿ," ಎನ್ನುತ್ತಾಳೆ. "ಅವನು ಹೇಮಿ ಇದ್ದಾಗ್ಲೇ ದುಡ್ಡು ಕೊಟ್ಟಿದ್ದಾನೆ. ಸೌದೆ ಕೊಡೋದು ಬಾಕಿ ಇದೆ."